ತೊಂಬತ್ತು ದಿನಗಳ ಗಡುವು: ಬಾಗಲಕೋಟೆ ಜಿಲ್ಲೆಯ ಒಂದು ಸಮುದಾಯ ಬಾನುಲಿ ಉಳಿದ ಬಗೆ

2023ರ ಮೇ 27ರ ಸಂಜೆ, ರೋಹಿಣಿ ಮಳೆಯ ಮೊದಲ ಗುಡುಗಿನ ಹೊತ್ತಿಗೆ, ನಮ್ಮ ಭಾಗದ ಸಮುದಾಯ ಬಾನುಲಿಯ ದನಿ ನಿಂತಿತು. ಬೀಸುವ ಪದವೊಂದು ಬರುತ್ತಿತ್ತು. ನಡುವೆ ಕರಕರ ಎಂದಿತು, ಆಮೇಲೆ ಬರೀ ಸುಯ್ಯೆನ್ನುವ ಸದ್ದು. ಕರೆಂಟು ಹೋಗಿರಬೇಕು ಎಂದುಕೊಂಡೆವು. ಮರುದಿನ ಬೆಳಿಗ್ಗೆ ಆರಕ್ಕೂ ಬರಲಿಲ್ಲ. ವಾರ ಕಳೆಯಿತು, ಹದಿನೈದು ದಿನ ಕಳೆಯಿತು. ನಿಲಯವನ್ನು ಮುಚ್ಚಿದ್ದೇವೆ ಎಂದು ಯಾರೂ ಹೇಳಲಿಲ್ಲ. ಬಾಗಿಲಿಗೆ ಚೀಟಿ ಅಂಟಿಸಿರಲಿಲ್ಲ, ಪತ್ರಿಕೆಯಲ್ಲಿ ಪ್ರಕಟಣೆ ಇರಲಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: ಯಂತ್ರ ಕೆಟ್ಟಿದೆ, ರಿಪೇರಿಗೆ ಹೇಳಿದ್ದೇವೆ.

ಆ ನಿಲಯ 84ನೆಯ ದಿನ ಮತ್ತೆ ಮಾತನಾಡಿತು. ನಡುವಿನ ಹನ್ನೆರಡು ವಾರಗಳಲ್ಲಿ ಏನೇನು ನಡೆಯಿತು, ಎಲ್ಲಿ ತಪ್ಪಿದೆವು, ಏನು ಕೈಗೂಡಿತು, ಏನು ಕೈಬಿಟ್ಟುಹೋಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ವಾರಕ್ಕೊಮ್ಮೆ ಆ ನಿಲಯಕ್ಕೆ ಹೋಗಿ ಮಕ್ಕಳಿಗೆ ಕಥೆ ಹೇಳುತ್ತಿದ್ದೆ, ಅಷ್ಟೇ ನನ್ನ ನಂಟು. ನಿಲಯ ನಡೆಸುವ ಶಿಕ್ಷಣ ಸಂಸ್ಥೆಯ ಹೆಸರನ್ನು, ಊರಿನ ಹೆಸರನ್ನು ಬರೆಯುವುದಿಲ್ಲ. ಅವರ ಜೊತೆ ಕುಳಿತು ಮಾಡಿಕೊಂಡ ಒಪ್ಪಂದ ಇಂದಿಗೂ ನಡೆದಿದೆ. ಅದಕ್ಕೆ ಧಕ್ಕೆ ಬರುವುದು ನನಗೆ ಬೇಡ.

ಕೈಗೆ ಕೆಲಸ, ಕಿವಿಗೆ ಬಿಡುವು

ಜಿಲ್ಲೆಯ ದಕ್ಷಿಣಕ್ಕೆ, ಗುಳೇದಗುಡ್ಡ ಮತ್ತು ಬಾದಾಮಿಯ ಸುತ್ತ, ಕೆಂಪು ಕಲ್ಲಿನ ಗುಡ್ಡಗಳ ನಡುವೆ ನೇಕಾರರ ಓಣಿಗಳಿವೆ. ಇಲ್ಲಿನ ಖಣ ಹೆಸರಾದದ್ದು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತವರ ಕಣ್ಣು ಹಾಸಿನ ಮೇಲಿರುತ್ತದೆ, ಕೈ ಲಾಳಿಯ ಮೇಲಿರುತ್ತದೆ. ಅವರು ಮೊಬೈಲ್ ನೋಡಲಾರರು, ಟಿವಿ ನೋಡಲಾರರು. ಬಿಡುವಾಗಿರುವುದು ಕಿವಿ ಒಂದೇ. ಪಡಸಾಲೆಯಲ್ಲಿ ಕುಳಿತು ರಾಟೆಯಿಂದ ಕಂಡಿಕೆ ಸುತ್ತುವ ಹೆಂಗಸರ ಪಾಡೂ ಅದೇ. ವಿದ್ಯುತ್ ಮಗ್ಗದ ಮನೆಗಳಲ್ಲಿ ಮಾತ್ರ ಸದ್ದಿನಲ್ಲಿ ಏನೂ ಕೇಳಿಸದು. ಕೈಮಗ್ಗ ಉಳಿದಿರುವ ಮನೆಗಳಲ್ಲಿ ರೇಡಿಯೋ ಉಳಿದಿದೆ ಎಂದು ನಾನು ಹೇಳುವುದು ಇದನ್ನು ಕಣ್ಣಾರೆ ಕಂಡೇ.

ಇವು ಆಕಾಶವಾಣಿಯ ಧಾರವಾಡ ಕೇಂದ್ರವನ್ನು ಕೇಳಿ ಬೆಳೆದ ಊರುಗಳು. 1950ರ ಜನವರಿ 8ರಂದು ಶುರುವಾದ ಆ ಕೇಂದ್ರ 765 ಕಿಲೋಹರ್ಟ್ಸ್‌ನಲ್ಲಿ ಇಡೀ ಉತ್ತರ ಕರ್ನಾಟಕಕ್ಕೆ ಕೃಷಿ, ಸಂಗೀತ, ನಾಟಕಗಳನ್ನು ಮುಟ್ಟಿಸಿತು. ಸಮುದಾಯ ಬಾನುಲಿ ಅದರ ಎದುರು ಬಹಳ ಚಿಕ್ಕದು. 100 ವ್ಯಾಟ್‌ನ ಎಫ್‌ಎಂ ಅಲೆ ಸುತ್ತ ಹತ್ತು, ಹದಿನೈದು ಕಿಲೋಮೀಟರ್ ಹೋಗುತ್ತದೆ. ನಮ್ಮಲ್ಲಿ ಗುಡ್ಡ ಅಡ್ಡ ಬಂದ ಕಡೆ ಅದೂ ಇಲ್ಲ. ಗುಡ್ಡದ ಮರೆಗಿರುವ ಒಂದು ಹಳ್ಳಿಯಲ್ಲಿ ಊರ ಹೊರಗಿನ ಬೇವಿನ ಕಟ್ಟೆಯ ಮೇಲೆ ಮಾತ್ರ ದನಿ ಸಿಗುತ್ತದೆ. ಸಂಜೆ ಅಲ್ಲಿ ನಾಲ್ಕೈದು ಮಂದಿ ರೇಡಿಯೋ ಹಿಡಿದು ಕೂರುವುದು ರೂಢಿಯಾಗಿತ್ತು.

ಚಿಕ್ಕದಾದರೂ ಅದು ನಮ್ಮ ಹಳ್ಳಿಗಳ ಹೆಸರನ್ನು ಹೇಳುತ್ತಿತ್ತು. ಯಾವ ಆರೋಗ್ಯ ಕೇಂದ್ರದಲ್ಲಿ ಇಂದು ಲಸಿಕೆ, ಯಾವ ಸೊಸೈಟಿಗೆ ಬೀಜ ಬಂದಿದೆ, ಯಾರ ಎಮ್ಮೆ ತಪ್ಪಿಸಿಕೊಂಡಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲು, ಐಹೊಳೆಗೆ ನೀರು ನುಗ್ಗಿದ ದಿನಗಳಲ್ಲಿ ಕರೆಂಟು ಇರಲಿಲ್ಲ, ಮೊಬೈಲ್‌ಗೆ ಸಿಗ್ನಲ್ ಇರಲಿಲ್ಲ. ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಡುವ ಸೂಚನೆಯನ್ನು ನಿಲಯದವರು ಜನರೇಟರ್ ಹಚ್ಚಿಕೊಂಡು ಗಂಟೆಗೊಮ್ಮೆ ಓದಿದರು. ಸಮುದಾಯ ಬಾನುಲಿ ತನ್ನದೇ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಕೊಡಬಹುದು. ಆದರೆ ಹವಾಮಾನ, ವಿಕೋಪ, ನೀರು, ಕರೆಂಟು, ಪರೀಕ್ಷೆಗಳ ಸ್ಥಳೀಯ ಮಾಹಿತಿಗೆ ಅಡ್ಡಿಯಿಲ್ಲ. ಆ ರಾತ್ರಿ ಓದಿದ್ದು ಅದನ್ನೇ.

ಕಡತದಲ್ಲಿ ಸಿಕ್ಕ ಒಂದು ಸಾಲು

ಮೌನದ ಮೂರನೆಯ ವಾರ ನಾನು ನಿಲಯಕ್ಕೆ ಹೋದೆ. ಕೋಣೆಯ ಗೋಡೆಗೆ ಹೊಡೆದ ಧ್ವನಿನಿರೋಧಕ ಹಾಸಿನ ಮೇಲೆ ಆಗಲೇ ಬೂಸ್ಟು ಕಟ್ಟಿತ್ತು. ಉದ್ಘೋಷಕಿಯರಿಬ್ಬರೂ ಸಂಬಳವಿಲ್ಲದೆ ಬಂದು ಕುಳಿತು ಹೋಗುತ್ತಿದ್ದರು. ಹೊಸ ಪ್ರಸಾರ ಯಂತ್ರಕ್ಕೆ ಮಾರಾಟಗಾರರು ಕೊಟ್ಟ ಅಂದಾಜುಪಟ್ಟಿ ನೋಡಿ ಆಡಳಿತ ಮಂಡಳಿ ಸುಮ್ಮನಾಗಿದೆ ಎಂದರು. ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕಡಿಮೆಯಾಗುತ್ತಿದ್ದಾರೆ, ಪ್ರಯೋಗಾಲಯಕ್ಕೇ ಹಣವಿಲ್ಲ, ರೇಡಿಯೋಗೆ ಎಲ್ಲಿಂದ ತರುವುದು ಎಂಬುದು ಮಂಡಳಿಯ ಕಷ್ಟ. ಆ ಕಷ್ಟ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು.

ಹಿರಿಯ ಉದ್ಘೋಷಕಿ ಕಡತ ತೆಗೆದು ತೋರಿಸಿದಳು. ಸಮುದಾಯ ಬಾನುಲಿಗೆ ಅನುಮತಿ ಕೊಡುವುದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ತರಂಗಾಂತರ ಕೊಡುವುದು ದೂರಸಂಪರ್ಕ ಇಲಾಖೆಯ ಒಂದು ವಿಭಾಗ. 2006ರ ಮಾರ್ಗಸೂಚಿಯ ಪ್ರತಿ ಅದರಲ್ಲಿತ್ತು. ಶುರುವಾದ ನಿಲಯ ಮೂರು ತಿಂಗಳಿಗಿಂತ ಹೆಚ್ಚು ಕಾಲ ಪ್ರಸಾರ ನಿಲ್ಲಿಸಿದರೆ ಅನುಮತಿ ರದ್ದಾಗಬಹುದು, ಆ ತರಂಗಾಂತರವನ್ನು ಮುಂದಿನ ಅರ್ಹ ಅರ್ಜಿದಾರರಿಗೆ ಕೊಡಬಹುದು ಎಂದು ಅದರಲ್ಲಿ ಬರೆದಿತ್ತು. ನಾನು ಅದನ್ನು ಎರಡು ಸಲ ಓದಿದೆ. ಮುಚ್ಚುವ ತೀರ್ಮಾನವನ್ನು ಯಾರೂ ಮಾಡಬೇಕಾಗಿಯೇ ಇರಲಿಲ್ಲ. ಎಲ್ಲರೂ ಸುಮ್ಮನಿದ್ದರೆ ಆಗಸ್ಟ್ ಕೊನೆಗೆ ಅದು ತಾನಾಗಿಯೇ ಮುಚ್ಚಿಹೋಗುತ್ತಿತ್ತು.

ಅದೇ ಕಡತದಲ್ಲಿ ಇನ್ನೆರಡು ಸಂಗತಿಗಳು ತಿಳಿದವು. ಅನುಮತಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಹಾಗಾಗಿ ‘ನಿಮಗಾಗದಿದ್ದರೆ ನಮಗೆ ಕೊಡಿ, ನಡೆಸುತ್ತೇವೆ’ ಎನ್ನುವ ದಾರಿ ಇರಲಿಲ್ಲ. ಹೊಸದಾಗಿ ಅರ್ಜಿ ಹಾಕುವ ಸ್ವಯಂಸೇವಾ ಸಂಸ್ಥೆಗೆ ಮೂರು ವರ್ಷಗಳ ಸೇವೆಯ ದಾಖಲೆ ಬೇಕು. ನಮಗೆ ನೋಂದಾಯಿತ ಸಂಘವೇ ಇರಲಿಲ್ಲ. ಎರಡನೆಯದು, ನಿಲಯದ ಒಡೆತನ ಮತ್ತು ನಿರ್ವಹಣೆಯಲ್ಲಿ ಅದು ಸೇವೆ ಸಲ್ಲಿಸುವ ಸಮುದಾಯದ ಪ್ರತಿಬಿಂಬ ಇರಬೇಕು ಎಂಬ ಷರತ್ತು. ಕೇಳುಗರ ಸಮಿತಿ ಕಾಗದದಲ್ಲಿತ್ತು, ವರ್ಷಗಳಿಂದ ಸೇರಿರಲಿಲ್ಲ. ಆ ಸಮಿತಿಯಲ್ಲಿ ನನ್ನ ಹೆಸರೂ ಇತ್ತು. ಸಭೆ ಕರೆಯಿರಿ ಎಂದು ನಾನೂ ಒಮ್ಮೆಯೂ ಕೇಳಿರಲಿಲ್ಲ. ಇದರಲ್ಲಿ ನನ್ನ ಪಾಲಿನ ತಪ್ಪು ಅದು.

ಮೊದಲು ಮಾಡಿದ್ದು, ಕೆಟ್ಟದ್ದು

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮನವಿಪತ್ರ ಬರೆದೆವು, ಸಂತೆಯ ದಿನ ಮೇಜು ಹಾಕಿಕೊಂಡು ಹಾಳೆಗಟ್ಟಲೆ ಸಹಿ ಹಾಕಿಸಿದೆವು, ತಹಶೀಲ್ದಾರರ ಕಚೇರಿಗೆ ಕೊಟ್ಟೆವು, ಫೋಟೋ ತೆಗೆಸಿದೆವು. ‘ಬಾನುಲಿ ಮುಚ್ಚುವ ಹುನ್ನಾರ’ ಎಂದು ಸ್ಥಳೀಯ ಪತ್ರಿಕೆಯಲ್ಲಿ ಬಂತು. ಹುನ್ನಾರ ಎಂಬ ಪದ ನಮ್ಮದಲ್ಲ, ಆದರೆ ಅದನ್ನು ತಿದ್ದಿಸಲೂ ನಾವು ಹೋಗಲಿಲ್ಲ. ಸಂಸ್ಥೆಯ ಅಧ್ಯಕ್ಷರು ಎಂಬತ್ತರ ಹತ್ತಿರದ ಹಿರಿಯರು, ತಮ್ಮ ಹೊಲ ಮಾರಿ ಕಾಲೇಜು ಕಟ್ಟಿದವರು. ಅವರು ಬಹಳ ನೊಂದುಕೊಂಡರು. ನಮಗೆ ಬಾಗಿಲು ಮುಚ್ಚಿತು. ತಹಶೀಲ್ದಾರರ ಕಚೇರಿಯಿಂದ ಬಂದ ಉತ್ತರ ನ್ಯಾಯವಾದದ್ದೇ: ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ತೀರ್ಮಾನ ಯಾರ ಕೈಯಲ್ಲಿದೆಯೋ ಅವರನ್ನು ಬಿಟ್ಟು, ಯಾರ ಕೈಯಲ್ಲಿ ಇಲ್ಲವೋ ಅವರ ಮುಂದೆ ನಿಂತು ಮೂರು ವಾರ ಕಳೆದೆವು.

ಆಗ ಖಣ ನೇಯುವ ಒಬ್ಬ ಹಿರಿಯರು ಹೇಳಿದ ಮಾತು ಇಡೀ ಕೆಲಸದ ದಿಕ್ಕು ಬದಲಿಸಿತು. “ಅಕ್ಕಾವರೆ, ಸಹಿ ಹಾಕು ಎಂದರೆ ನಾವು ಎಲ್ಲದಕ್ಕೂ ಹಾಕುತ್ತೇವೆ. ಓಟು ಕೇಳುವವರಿಗೂ ಹಾಕಿಕೊಟ್ಟಿದ್ದೇವೆ. ರೇಡಿಯೋ ಕೇಳಿ ನಿನಗೇನಾಯಿತಪ್ಪಾ ಎಂದು ಇಲ್ಲಿಯವರೆಗೆ ಯಾರೂ ಕೇಳಲಿಲ್ಲ.”

ಅವರ ಮಾತು ಕೇಳಿದ ಮೇಲೆ ಬೇರೆಡೆ ಏನಾಗಿದೆ ಎಂದು ಓದತೊಡಗಿದೆ. ಲಂಡನ್ನಿನ ಬಿಬಿಸಿ 2010ರ ಮಾರ್ಚ್‌ನಲ್ಲಿ ತನ್ನ ‘6 ಮ್ಯೂಸಿಕ್’ ವಾಹಿನಿಯನ್ನು ಮುಚ್ಚುವುದಾಗಿ ಹೇಳಿತು. ಆಗ ಅದನ್ನು ವಾರಕ್ಕೆ ಸುಮಾರು 7 ಲಕ್ಷ ಜನ ಕೇಳುತ್ತಿದ್ದರು. ಸುದ್ದಿ ಹಬ್ಬಿದ ಮೇಲೆ ಕೇಳುಗರು 10 ಲಕ್ಷ ದಾಟಿದರು, ಜುಲೈನಲ್ಲಿ ಬಿಬಿಸಿ ಟ್ರಸ್ಟ್ ಆ ಪ್ರಸ್ತಾವವನ್ನು ತಳ್ಳಿಹಾಕಿತು. ನಮ್ಮ ಹತ್ತಿರದ ಉದಾಹರಣೆ ಬಿಬಿಸಿ ಹಿಂದಿ. 1940ರಿಂದ ನಡೆದು ಬಂದ ಆ ಸೇವೆಯ ಶಾರ್ಟ್‌ವೇವ್ ಪ್ರಸಾರ ನಿಲ್ಲಿಸುವುದಾಗಿ 2011ರ ಜನವರಿಯಲ್ಲಿ ಪ್ರಕಟಿಸಿದಾಗ ಮಾರ್ಕ್ ಟಲಿ, ವಿಕ್ರಮ್ ಸೇಠ್, ಅರುಂಧತಿ ರಾಯ್ ಮೊದಲಾದವರು ಪತ್ರ ಬರೆದರು. ಮಾರ್ಚ್‌ನಲ್ಲಿ ದಿನಕ್ಕೆ ಒಂದು ಗಂಟೆಯ ಪ್ರಸಾರ ಉಳಿಯಿತು. ಕೊನೆಗೆ 2020ರ ಜನವರಿ 31ರಂದು ಅದೂ ನಿಂತಿತು. ದೊಡ್ಡವರ ಪತ್ರದಿಂದ ಜೀವದಾನ ಸಿಗಬಹುದು, ಆದರೆ ಹಣದ ಪ್ರಶ್ನೆಯನ್ನು ಬಗೆಹರಿಸದೆ ಸಿಕ್ಕ ಜೀವದಾನಕ್ಕೆ ಆಯುಸ್ಸು ಕಡಿಮೆ ಎಂದು ನಾನು ಅದರಿಂದ ತಿಳಿದುಕೊಂಡೆ.

ಇನ್ನೊಂದು ನನ್ನನ್ನು ಬಹಳ ಕಾಡಿದ್ದು. ಆಕಾಶವಾಣಿಯ ರಾಷ್ಟ್ರೀಯ ವಾಹಿನಿ 1988ರಿಂದ ನಾಗಪುರದ ದೊಡ್ಡ ಪ್ರೇಷಕದಿಂದ, ಅಂದರೆ ಪ್ರಸಾರ ಯಂತ್ರದಿಂದ, ಇಡೀ ರಾತ್ರಿ ದೇಶಕ್ಕೆ ಕೇಳಿಸುತ್ತಿತ್ತು. 2018ರ ಡಿಸೆಂಬರ್ ಕೊನೆಗೆ ಅದನ್ನೂ ಐದು ನಗರಗಳ ತರಬೇತಿ ಕೇಂದ್ರಗಳನ್ನೂ ಮುಚ್ಚುವ ಆದೇಶ ಬಂತು. ರಾತ್ರಿ ರೇಡಿಯೋ ಕೇಳುವವರು ಯಾರು? ಲಾರಿ ಓಡಿಸುವವರು, ಹೊಲಕ್ಕೆ ನೀರು ಹಾಯಿಸುವವರು, ಕಾವಲು ಕಾಯುವವರು, ನಿದ್ದೆ ಬಾರದ ಮುದುಕರು. ಅವರಲ್ಲಿ ಒಬ್ಬರಿಗೆ ಇನ್ನೊಬ್ಬರ ಗುರುತಿಲ್ಲ. ರೇಡಿಯೋದ ಸೊಗಸೂ ಅದರ ದೌರ್ಬಲ್ಯವೂ ಇದೇ. ಅದು ಪ್ರತಿಯೊಬ್ಬರ ಕಿವಿಯಲ್ಲಿ ಪ್ರತ್ಯೇಕವಾಗಿ ಮಾತನಾಡುತ್ತದೆ. ಶಾಲೆ ಮುಚ್ಚಿದರೆ ಪಾಲಕರು ಗೇಟಿನ ಮುಂದೆ ಸೇರುತ್ತಾರೆ, ಬಸ್ ನಿಂತರೆ ಪ್ರಯಾಣಿಕರು ನಿಲ್ದಾಣದಲ್ಲಿ ಸೇರುತ್ತಾರೆ. ರೇಡಿಯೋ ನಿಂತರೆ ಸೇರುವುದಕ್ಕೆ ಜಾಗವೇ ಇಲ್ಲ. ಕೇಳುವವನು ನಾನೊಬ್ಬನೇ ಇರಬೇಕು ಎಂದುಕೊಂಡು ಪ್ರತಿಯೊಬ್ಬರೂ ಗುಂಡಿ ತಿರುಗಿಸಿ ಸುಮ್ಮನಾಗುತ್ತಾರೆ. ಹಾಗಾದರೆ ನಮ್ಮ ಮೊದಲ ಕೆಲಸ ಸರಕಾರಕ್ಕೆ ಬರೆಯುವುದಲ್ಲ, ಕೇಳುಗರನ್ನು ಕೇಳುಗರಿಗೆ ತೋರಿಸುವುದು ಎಂದು ನಿಶ್ಚಯಿಸಿದೆವು.

ಕರೆಗಳ ಪುಸ್ತಕ

ಅದಕ್ಕೆ ದಾರಿ ಹಿರಿಯ ಉದ್ಘೋಷಕಿಯ ಮನೆಯ ಟ್ರಂಕಿನಲ್ಲಿತ್ತು. ನಿಲಯಕ್ಕೆ ಬಂದ ಪ್ರತಿ ಫೋನ್ ಕರೆಯನ್ನೂ ಆಕೆ ಬರೆದಿಡುತ್ತಿದ್ದಳು. ರಟ್ಟಿನ ಹೊದಿಕೆಯ ಉದ್ದನೆಯ ಲೆಕ್ಕದ ಪುಸ್ತಕಗಳು, ಒಟ್ಟು ಹನ್ನೊಂದು. ಯಾರಾದರೂ ರದ್ದಿಗೆ ಹಾಕಿಬಿಟ್ಟಾರು ಎಂಬ ಹೆದರಿಕೆಯಿಂದ ಮನೆಗೆ ತಂದಿಟ್ಟುಕೊಂಡಿದ್ದಳು. ಬಾನುಲಿಯವರು ಪ್ರಸಾರ ಮಾಡಿದ ಕಾರ್ಯಕ್ರಮದ ಧ್ವನಿಮುದ್ರಣವನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕು ಎಂಬುದಷ್ಟೇ ನಿಯಮ. ಆಮೇಲೆ ಜಾಗ ಸಾಲದೆ ಅಳಿಸುತ್ತಾರೆ. ಹಾಗಾಗಿ ನಿಲಯದ ಹತ್ತು ವರ್ಷಗಳ ಬದುಕು ಉಳಿದದ್ದು ಈಕೆಯ ದುಂಡನೆಯ ಅಕ್ಷರಗಳಲ್ಲಿ ಮಾತ್ರ.

ಒಂದು ಪುಟವನ್ನು ಹೀಗೇ ತೆರೆದೆ. ಮೇಲೆ ತಾರೀಖು, ಗೀಟೆಳೆದು ನಾಲ್ಕು ಕಾಲಮ್ಮು: ಹೆಸರು, ಊರು, ಕೇಳಿದ್ದು, ಹೇಳಿದ್ದು. ಹೆಸರು ಬೆಳೆಗೆ ಹಳದಿ ರೋಗ ಬಂದಿದೆ, ಏನು ಹೊಡೆಯಬೇಕು; ಕೃಷಿ ಅಧಿಕಾರಿಗೆ ಕೇಳಿ ನಾಳೆ ಹೇಳುತ್ತೇವೆ ಎಂದಿದ್ದೇವೆ. ವಿಧವಾ ವೇತನ ಮೂರು ತಿಂಗಳಿಂದ ಬಂದಿಲ್ಲ. ನಾಡಕಚೇರಿಗೆ ಆಧಾರ್ ತೆಗೆದುಕೊಂಡು ಹೋಗಲು ಹೇಳಿದೆ. ಮಗಳ ಹೆರಿಗೆಯಾಯಿತು, ಹೆಣ್ಣು, ಒಂದು ಜೋಗುಳ ಹಾಕಿ, ಹಾಕಿದೆ. ಏನೂ ಇಲ್ಲ, ಸುಮ್ಮನೆ ಮಾಡಿದೆ; ಮಾತನಾಡಿದೆ.

ಆ ಕೊನೆಯ ಸಾಲು ಬೇರೆ ಬೇರೆ ಹೆಸರುಗಳ ಮುಂದೆ ಮತ್ತೆ ಮತ್ತೆ ಬರುತ್ತದೆ.

ಹನ್ನೊಂದು ಪುಸ್ತಕಗಳಿಂದ ಊರುವಾರು ಹೆಸರುಗಳನ್ನು ಹೆಕ್ಕಿದೆವು. ನನ್ನ ಶಾಲೆಯ ಹಳೆಯ ವಿದ್ಯಾರ್ಥಿಗಳು ಎರಡೆರಡು ಊರು ಹಂಚಿಕೊಂಡು ಮನೆಮನೆಗೆ ಹೋದರು. ಕೇಳಬೇಕಾದ ಪ್ರಶ್ನೆ ಒಂದೇ: ಈ ರೇಡಿಯೋ ಕೇಳಿ ನೀವು ಮಾಡಿದ ಒಂದು ಕೆಲಸ ಯಾವುದು? ಬಹಳ ಇಷ್ಟ, ಬಹಳ ಒಳ್ಳೆಯದು ಎಂಬ ಮಾತುಗಳನ್ನು ಬರೆದುಕೊಳ್ಳಬೇಡಿ ಎಂದು ಗಟ್ಟಿಯಾಗಿ ಹೇಳಿದ್ದೆ. ಉತ್ತರವನ್ನು ಐವತ್ತು ಪೈಸೆಯ ಅಂಚೆ ಕಾರ್ಡಿನ ಮೇಲೆ ಅವರ ಮಾತಿನಲ್ಲೇ ಬರೆದು, ಸಂಸ್ಥೆಯ ಅಧ್ಯಕ್ಷರ ವಿಳಾಸಕ್ಕೆ ಹಾಕುವುದು. ಜಿಲ್ಲಾಧಿಕಾರಿಗಲ್ಲ, ಮಂತ್ರಿಗಳಿಗಲ್ಲ, ಪತ್ರಿಕೆಗಲ್ಲ.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಬೇಕು, ಅದಕ್ಕೆ ದುಡ್ಡು ಕೊಡಬೇಕಿಲ್ಲ ಎಂದು ಕೇಳಿ ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ, ಈಗ ಅವನು ಮಗ್ಗಕ್ಕೆ ಕೂರುತ್ತಾನೆ ಎಂದು ಒಬ್ಬ ತಾಯಿ ಬರೆಸಿದರು. ನೇಕಾರ ಸಮ್ಮಾನ್ ಯೋಜನೆಗೆ ಅರ್ಜಿ ಹಾಕುವುದನ್ನು ಇದರಲ್ಲೇ ಕೇಳಿದ್ದು ಎಂದು ನಾಲ್ಕು ಮನೆಯವರು. ಪ್ರವಾಹದ ರಾತ್ರಿ ಆಕಳುಗಳನ್ನು ಬಿಚ್ಚಿ ಗುಡ್ಡಕ್ಕೆ ಹೊಡೆದೆವು ಎಂದು ಹೊಳೆ ದಂಡೆಯ ಒಬ್ಬ ರೈತ. ಕೊರೊನಾ ಬಂದು ಶಾಲೆ ಮುಚ್ಚಿದಾಗ ರೇಡಿಯೋ ಪಾಠ ಕೇಳಿ ಮಗಳು ಗುಣಾಕಾರ ಕಲಿತಳು ಎಂದು ಒಬ್ಬ ಗಾರೆ ಕೆಲಸದವರು. ಒಂದು ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: “ಗಂಡ ತೀರಿಕೊಂಡ ವರ್ಷ ಬೆಳಗ್ಗೆ ಎದ್ದೇಳಲು ಇದೇ ಕಾರಣವಾಗಿತ್ತು.” ಇದನ್ನು ಕೆಲಸ ಎಂದು ಬರೆಯಬಹುದೇ ಅಕ್ಕಾವರೆ ಎಂದು ಹುಡುಗ ನನ್ನನ್ನು ಕೇಳಿದ. ಬರೆ ಎಂದೆ.

ಜುಲೈ 19ರಿಂದ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾಯಿತು. ತಿಂಗಳಿಗೆ 2,000 ರೂಪಾಯಿಯ ಮಾತು. ಯಾವ ದಿನ, ಯಾವ ಕೇಂದ್ರ, ಯಾವ ಕಾಗದ ಎಂದು ತಿಳಿಯದೆ ಹೆಂಗಸರು ಕೂಲಿ ಬಿಟ್ಟು ಹೋಗಿ ಬರಿಗೈಯಲ್ಲಿ ಮರಳಿದರು. ಬೆಳೆ ವಿಮೆಯ ಕಂತು ಕಟ್ಟುವ ಕಾಲವೂ ಅದೇ, ಮಳೆ ಕೈಕೊಟ್ಟ ವರ್ಷವೂ ಅದೇ. ರೇಡಿಯೋ ಇದ್ದಿದ್ದರೆ ಎಂಬ ಮಾತು ನಾವು ಹೇಳಿಕೊಡದೆಯೇ ಹೊಲದಲ್ಲಿ, ಬಾವಿಕಟ್ಟೆಯಲ್ಲಿ ಕೇಳಿಬರತೊಡಗಿತು.

ಜುಲೈ ಕೊನೆಯ ಭಾನುವಾರ ಒಂದು ಗುಡಿಯ ಪೌಳಿಯಲ್ಲಿ ಕೇಳುಗರನ್ನು ಸೇರಿಸಿದೆವು. ಅಧಿಕ ಶ್ರಾವಣ ನಡೆದಿತ್ತು. ಅಧಿಕ ಮಾಸದಲ್ಲಿ ಹೊಸ ಕೆಲಸ ಶುರು ಮಾಡಬಾರದು ಎಂದು ಕೆಲವರು ಹಿಂದೇಟು ಹಾಕಿದರು. ಇದು ಹೊಸದಲ್ಲ, ನಿಂತಿದ್ದನ್ನು ನಡೆಸುವುದು ಎಂದು ಅರ್ಚಕರೇ ಸಮಾಧಾನ ಹೇಳಿದರು. ಹದಿಮೂರು ಊರಿನವರು ಬಂದರು. ಅಲ್ಲಿ ಕಂಡದ್ದನ್ನು ನಾನು ಮರೆಯುವುದಿಲ್ಲ. ಒಬ್ಬರನ್ನೊಬ್ಬರು ಎಂದೂ ನೋಡಿರದ ಹೆಂಗಸರು ಹೆಸರು ಕೇಳಿದ ಕೂಡಲೇ ತಿರುಗಿ ನೋಡುತ್ತಿದ್ದರು. “ಪ್ರತಿ ಸೋಮವಾರ ವಚನ ಹಾಕಿ ಎಂದು ಕೇಳುವವರು ನೀವೇ ಏನವ್ವಾ?” “ನೀವು ಮೊಮ್ಮಗನ ಹುಟ್ಟುಹಬ್ಬಕ್ಕೆ ಫೋನ್ ಮಾಡಿದ್ದಿರಲ್ಲ, ಈಗ ಅವನಿಗೆಷ್ಟು ವರ್ಷ?” ವರ್ಷಗಟ್ಟಲೆ ಒಬ್ಬರ ದನಿ ಇನ್ನೊಬ್ಬರ ಮನೆಯೊಳಗೆ ಹೋಗಿತ್ತು, ಮುಖ ಮಾತ್ರ ಕಂಡಿರಲಿಲ್ಲ. ಸಭೆ ಶುರುವಾಗುವುದು ಒಂದು ಗಂಟೆ ತಡವಾಯಿತು. ನಾನು ತಡೆಯಲಿಲ್ಲ, ಏಕೆಂದರೆ ಅದೇ ಸಭೆಯಾಗಿತ್ತು.

ಕಂಬದ ತುದಿಯ ಕಿಲುಬು

ಯಂತ್ರದ ವಿಚಾರವನ್ನು ನಾವು ಯಾರೂ ಪ್ರಶ್ನಿಸಿಯೇ ಇರಲಿಲ್ಲ. ಕೆಟ್ಟಿದೆ ಎಂದರು, ನಂಬಿದೆವು. ಪೌಳಿಯ ಸಭೆಗೆ ಬಂದಿದ್ದ ಒಬ್ಬರ ನೆಂಟರು ಬಾನುಲಿ ತಂತ್ರಜ್ಞರಾಗಿ ನಿವೃತ್ತರಾಗಿ ಬಾಗಲಕೋಟೆಯ ನವನಗರದಲ್ಲಿದ್ದಾರೆಂದು ತಿಳಿಯಿತು. ಅಧ್ಯಕ್ಷರು ಆ ವೇಳೆಗೆ ಕಾರ್ಡುಗಳನ್ನು ಓದತೊಡಗಿದ್ದರು. ನೋಡಿಹೋಗಲಿ, ಅಡ್ಡಿಯಿಲ್ಲ ಎಂದರು.

ಅವರು ಬಸ್ಸಿನಲ್ಲಿ ಬಂದರು, ಹೆಗಲಿಗೊಂದು ಕ್ಯಾನ್ವಾಸ್ ಚೀಲ. ಮೊದಲು ಪ್ರೇಷಕದ ಹಿಂಬದಿಯ ಕೇಬಲ್ ಬಿಚ್ಚಿ, ಅಲ್ಲಿಗೆ ತಾವು ತಂದ ‘ಡಮ್ಮಿ ಲೋಡ್’ ಎಂಬ ಡಬ್ಬಿಯನ್ನು ಜೋಡಿಸಿದರು. ಶಕ್ತಿಯನ್ನು ಆಕಾಶಕ್ಕೆ ಬಿಡದೆ ಶಾಖವಾಗಿ ನುಂಗಿಕೊಳ್ಳುವ ಡಬ್ಬಿ ಅದು. ಯಂತ್ರ ಹಾಕಿದರು. ಹಸಿರು ದೀಪ ಹತ್ತಿತು, ಮುಳ್ಳು ಮೇಲೇರಿ ನಿಂತಿತು, ಕದಲಲಿಲ್ಲ. “ನಿಮ್ಮ ಯಂತ್ರಕ್ಕೆ ಏನೂ ಆಗಿಲ್ಲ ತಂಗಿ” ಎಂದರು ಉದ್ಘೋಷಕಿಗೆ. ಕಂಬಕ್ಕೆ ಹೋಗಬೇಕಾದ ಶಕ್ತಿ ತುದಿ ಮುಟ್ಟದೆ ತಿರುಗಿ ಬರುತ್ತಿದೆ, ಆ ಹೊಡೆತ ತಾಳದೆ ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳಲು ಆರಿಹೋಗುತ್ತಿದೆ ಎಂದು ವಿವರಿಸಿದರು.

ಕಾಲೇಜಿನ ಮಾಳಿಗೆಯ ಮೇಲಿನ ಕಂಬವನ್ನು ಅವರ ಜೊತೆ ಬಂದ ಹುಡುಗ ಹತ್ತಿದ. ಆಂಟೆನಾ ಸೇರುವಲ್ಲಿನ ಕನೆಕ್ಟರ್ ಮೇಲೆ ಸುತ್ತಿದ್ದ ಕಪ್ಪು ಟೇಪು ಬಿಸಿಲಿಗೆ ಬಿರಿದಿತ್ತು. ಬಿಚ್ಚಿದಾಗ ಒಳಗಿಂದ ನಾಲ್ಕು ಹನಿ ನೀರು ಜಾರಿತು. ಕೇಬಲ್ಲಿನ ನಡುವಿನ ತಾಮ್ರದ ತಂತಿ ತಿಳಿ ಹಸಿರು ಕಿಲುಬು ಹಿಡಿದು ಹಿಟ್ಟಿನಂತೆ ಉದುರುತ್ತಿತ್ತು. ಅಧ್ಯಕ್ಷರು ಕೋಲೂರಿಕೊಂಡು ಮಾಳಿಗೆ ಹತ್ತಿ ಬಂದಿದ್ದರು. ಆ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಹೊಸ ಕೇಬಲ್ಲು, ಎರಡು ಕನೆಕ್ಟರ್, ನೀರು ತಡೆಯುವ ಟೇಪು, ಬದಲಿಸಬೇಕಾದ ಯುಪಿಎಸ್ ಬ್ಯಾಟರಿ ಎಲ್ಲ ಸೇರಿದರೂ ಹೊಸ ಯಂತ್ರದ ಅಂದಾಜಿನ ಹತ್ತರಲ್ಲೊಂದು ಪಾಲು ಆಗಲಿಲ್ಲ.

ದುಡ್ಡಿನ ಮಾತು

ರಿಪೇರಿ ಸುಲಭ, ನಡೆಸುವುದು ಕಷ್ಟ. ಮಂಡಳಿಯ ಸಭೆಗೆ ನಮ್ಮಲ್ಲಿ ಐದು ಮಂದಿಯನ್ನು ಕರೆದರು. ಮೇಜಿನ ಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟುಗಳಿದ್ದವು. ಖಜಾಂಚಿಯವರು ನೇರವಾಗಿ ಕೇಳಿದರು: ಇಬ್ಬರ ಸಂಬಳ, ಕರೆಂಟು, ತರಂಗಾಂತರದ ಶುಲ್ಕ, ಇವನ್ನು ಯಾರು ಕೊಡುತ್ತಾರೆ? ತರಂಗಾಂತರದ ಶುಲ್ಕದ ಕಥೆಯನ್ನು ನಾನು ಓದಿಕೊಂಡು ಹೋಗಿದ್ದೆ. 2012ರಲ್ಲಿ ಕೇಂದ್ರ ಸರಕಾರ ಅದನ್ನು ವರ್ಷಕ್ಕೆ 19,700 ರೂಪಾಯಿಯಿಂದ 91,000ಕ್ಕೆ ಏರಿಸಿದಾಗ ದೇಶದ ಸಮುದಾಯ ಬಾನುಲಿಗಳು ಒಟ್ಟಾಗಿ ಪ್ರತಿಭಟಿಸಿ, ಆ ಏರಿಕೆಯನ್ನು ಹಿಂದಕ್ಕೆ ತೆಗೆಸಿದ್ದವು. ಆ ಹೋರಾಟ ನಡೆಯದಿದ್ದರೆ ನಮ್ಮಂಥ ನಿಲಯ ಹುಟ್ಟುತ್ತಲೇ ಇರಲಿಲ್ಲ ಎಂದೆ. 1995ರ ಸುಪ್ರೀಂ ಕೋರ್ಟ್ ತೀರ್ಪು ರೇಡಿಯೋ ಅಲೆಗಳು ಸಾರ್ವಜನಿಕ ಸ್ವತ್ತು ಎಂದದ್ದನ್ನೂ ಹೇಳಿದೆ. ಯಂತ್ರ ನಿಮ್ಮದು, ಕಟ್ಟಡ ನಿಮ್ಮದು, ಅಲೆ ಎಲ್ಲರದ್ದು.

ಖಜಾಂಚಿಯವರು ಒಪ್ಪಿದರು, ಆದರೆ ತೀರ್ಪಿನಿಂದ ಕರೆಂಟು ಬಿಲ್ ಕಟ್ಟಲಾಗದು ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಆಗ ಗಂಟೆಗೆ 7 ನಿಮಿಷ ಜಾಹೀರಾತಿಗೆ ಅವಕಾಶವಿತ್ತು, ಸರಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿ. 2024ರ ಫೆಬ್ರುವರಿಯಲ್ಲಿ ಅದು 12 ನಿಮಿಷ ಮತ್ತು 74 ರೂಪಾಯಿ ಆಯಿತು. ನಿಲಯದವರು ಆ ಏಳು ನಿಮಿಷದಲ್ಲಿ ಒಂದನ್ನೂ ತುಂಬಿಸಿರಲಿಲ್ಲ. ಬೀಜ ಗೊಬ್ಬರದ ಅಂಗಡಿ, ನೂಲಿನ ವ್ಯಾಪಾರಿ, ಬಳೆ ಅಂಗಡಿ, ಪಾತ್ರೆ ಅಂಗಡಿಯವರನ್ನು ಯಾರೂ ಹೋಗಿ ಕೇಳಿರಲಿಲ್ಲ. ಕೇಳುವ ಹೊಣೆಯನ್ನು ನಾವು ಹೊತ್ತೆವು. ಕೇಳುಗರ ಊರುಗಳಿಂದ ವರ್ಷಕ್ಕೊಮ್ಮೆ ಮನೆಗೆ ಇಂತಿಷ್ಟೆಂದು, ಕೊಡಲಾರದವರಿಂದ ಏನೂ ಇಲ್ಲದೆ, ದುರಸ್ತಿ ನಿಧಿ ಕೂಡಿಸುವುದು ಎಂದೂ ಆಯಿತು.

ಹೀಗೆ ಹೇಳುವಾಗ ನನ್ನ ಮನಸ್ಸಿನಲ್ಲಿ ಮೈಸೂರು ಇತ್ತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಪ್ರೇಷಕವಿಟ್ಟು ಪ್ರಸಾರ ಶುರು ಮಾಡಿದರು, ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಕನ್ನಡ ನಾಡಿನ ರೇಡಿಯೋ ಹುಟ್ಟಿದ್ದು ಒಬ್ಬ ಮಾಸ್ತರರ ಮನೆಯಲ್ಲಿ ಎನ್ನುವುದು ನನಗೆ ಆ ದಿನ ಬಹಳ ಧೈರ್ಯ ಕೊಟ್ಟಿತು.

ಒಪ್ಪಂದ ಹೀಗಾಯಿತು. ಬೆಳಿಗ್ಗೆ ಮೂರು ತಾಸು, ಸಂಜೆ ಮೂರು ತಾಸು ಪ್ರಸಾರ. ಮೊದಲು ದಿನಕ್ಕೆ ಹನ್ನೆರಡು ತಾಸು ಇತ್ತು. ಕೇಳುಗರ ಸಮಿತಿ ತಿಂಗಳ ಮೊದಲ ಭಾನುವಾರ ಸೇರಬೇಕು, ನಡಾವಳಿ ಬರೆಯಬೇಕು. ಸಂಬಳ ಒಬ್ಬರಿಗೆ ಮಾತ್ರ.

ಆ ಒಬ್ಬರು ಯಾರು ಎಂಬಲ್ಲಿ ನಾವು ಸೋತೆವು. ಹಿರಿಯ ಉದ್ಘೋಷಕಿ, ಹನ್ನೊಂದು ಪುಸ್ತಕ ಬರೆದವಳು, ತಾನೇ ಹಿಂದೆ ಸರಿದಳು. ಚಿಕ್ಕವಳಿಗೆ ಇಬ್ಬರು ಮಕ್ಕಳು, ಅವಳಿಗೇ ಇರಲಿ ಎಂದಳು. ನಾವು ಎರಡು ಸಂಬಳಕ್ಕಾಗಿ ಇನ್ನಷ್ಟು ಹಟ ಹಿಡಿಯಬೇಕಿತ್ತು. ಗಡುವು ಹತ್ತಿರ ಬಂದಿತ್ತು, ಸಿಕ್ಕಿದ್ದನ್ನು ಹಿಡಿದುಕೊಂಡೆವು. ಈಗ ಆಕೆ ಬಾಗಲಕೋಟೆಯ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ. ನಿಲಯ ಉಳಿದ ಸಂತೋಷದಲ್ಲಿ ಈ ಮಾತನ್ನು ಬಿಟ್ಟು ಬರೆದರೆ ಅದು ಪ್ರಕರಣದ ಅರ್ಧ ಮಾತ್ರ.

ಆಗಸ್ಟ್ 19ರ ಶನಿವಾರ, ಪಂಚಮಿಗೆ ಎರಡು ದಿನ ಮೊದಲು, ರೊಟ್ಟಿ ಹಬ್ಬದ ಬೆಳಿಗ್ಗೆ ಆರಕ್ಕೆ ಪ್ರಸಾರ ಶುರುವಾಯಿತು. ಮೊದಲ ದನಿ ಹಿರಿಯ ಉದ್ಘೋಷಕಿಯದೇ ಆಗಿರಬೇಕೆಂದು ಚಿಕ್ಕವಳು ಪಟ್ಟು ಹಿಡಿದಿದ್ದಳು. ಆಕೆ ಊರುಗಳ ಹೆಸರನ್ನು ಒಂದೊಂದಾಗಿ ಓದಿದಳು, ಹದಿಮೂರನ್ನೂ, ಆಮೇಲೆ ಗುಡ್ಡದ ಮರೆಯ ಆ ಹಳ್ಳಿಯನ್ನೂ. ಪಂಚಮಿಯ ಜೋಕಾಲಿ ಪದ ಹಾಕಿದರು. ಫೋನು ಬಡಿದುಕೊಳ್ಳತೊಡಗಿತು. ಹನ್ನೆರಡನೆಯ ಪುಸ್ತಕದ ಮೊದಲ ಪುಟ ಎರಡು ಕೈಬರಹದಲ್ಲಿದೆ. ಅರ್ಧ ಅವಳದು, ಅರ್ಧ ಇವಳದು.

ಮನೆಮನೆಯ ನಿಧಿ ಮೊದಲ ವರ್ಷ ಅಂದುಕೊಂಡಷ್ಟು ಕೂಡಲಿಲ್ಲ. ಬರಗಾಲದಲ್ಲಿ ಕೇಳಲು ನಮಗೇ ಬಾಯಿ ಬರಲಿಲ್ಲ. ಅಂಗಡಿಗಳ ಜಾಹೀರಾತು ದೀಪಾವಳಿ ಹೊತ್ತಿಗೆ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಸಮಿತಿಯ ಸಭೆ ಒಂದು ತಿಂಗಳೂ ತಪ್ಪಿಲ್ಲ. ಎರಡನೆಯ ಸಂಬಳದ ವಿಷಯ ಪ್ರತಿ ನಡಾವಳಿಯಲ್ಲೂ ಮೊದಲ ಅಂಶವಾಗಿ ಬರೆಯಲಾಗುತ್ತಿದೆ. ರೋಹಿಣಿ ಮಳೆಗೆ ಮುಂಚೆ ವರ್ಷಕ್ಕೊಮ್ಮೆ ಕಂಬ ಹತ್ತಿ ಟೇಪು ಬಿಚ್ಚಿ ಕನೆಕ್ಟರ್ ನೋಡುವುದು ಈಗ ನಿಯಮ. ಕಳೆದ ಸಲ ಬಿಚ್ಚಿದಾಗ ನಾನೂ ಮಾಳಿಗೆಯ ಮೇಲಿದ್ದೆ. ಒಳಗೆ ಒಣಗಿತ್ತು, ತಾಮ್ರ ಕೆಂಪಗಿತ್ತು.